ಬ್ರೊಮೆಲಿಯಾಡ್ ಗಿಡ ಗುರುತಿಸುವುದು ಹೇಗೆ: ಎಲೆಯ ಅಂಚಿನಿಂದ ಬೀಜದವರೆಗೆ

ಅನಾನಸ್ ಕುಟುಂಬಕ್ಕೆ ಸೇರಿದ ಬ್ರೊಮೆಲಿಯಾಡ್ ಗಿಡದ ಹೆಸರು ಕೇಳಿ ನನಗೆ ಬರುವ ಫೋಟೋಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೇಲಿನಿಂದ ತೆಗೆದ ಚಿತ್ರ, ನಡುವೆ ಕೆಂಪು, ಸುತ್ತ ಹಸಿರು. ಕೆಳಗೊಂದು ಪ್ರಶ್ನೆ: "ಇದು ಗುಜ್ಮೇನಿಯಾ ಅಲ್ವಾ?" ಇರಬಹುದು. ನಿಯೊರೆಗೇಲಿಯಾ ಎಂಬ ಇನ್ನೊಂದು ಕುಲದ್ದೂ ಇರಬಹುದು. ಆ ಒಂದು ಚಿತ್ರ ನೋಡಿ ಯಾರೂ ಖಚಿತವಾಗಿ ಹೇಳಲಾರರು.

ತಪ್ಪು ಆಗುವುದು ಒಂದೇ ಕಡೆ. ಎಲ್ಲರೂ ಬಣ್ಣದಿಂದ ಶುರು ಮಾಡುತ್ತಾರೆ. ಬಣ್ಣ ಬಿಸಿಲಿಗೆ ಬದಲಾಗುತ್ತದೆ, ಗೊಬ್ಬರಕ್ಕೆ ಬದಲಾಗುತ್ತದೆ, ಹೂ ಬಿಡುವ ಹೊತ್ತಿಗೆ ಮತ್ತೆ ಬದಲಾಗುತ್ತದೆ. ಬದಲಾಗದ ಗುರುತುಗಳು ಬೇರೆ ಇವೆ: ಎಲೆಯ ಅಂಚು, ಹೂಗೊಂಚಲಿನ ಜೋಡಣೆ, ಹೂವಿನ ಕಾಯಿ ಕೂತಿರುವ ಜಾಗ, ಬೀಜ. ಇವನ್ನು ಇದೇ ಕ್ರಮದಲ್ಲಿ ನೋಡಿದರೆ ಮೊದಲು ಉಪಕುಟುಂಬ ಸಿಗುತ್ತದೆ, ಆಮೇಲೆ ಕುಲ. ಪ್ರಭೇದ ಕೊನೆಗೆ. ಕ್ರಮ ತಪ್ಪಿಸಿದರೆ ಎಲ್ಲಾ ತಪ್ಪುತ್ತದೆ.

## ಮೊದಲು ಕೈಗೆ ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ. ಹೊಸ ಬ್ಲೇಡು. ಒಂದು ಉಂಡೆ ಹತ್ತಿ. ಬಿಳಿ ಹಾಳೆ, ಸ್ಕೇಲು, ಉದ್ದ ಮೂತಿಯ ಚಿಮಟ, ಟಾರ್ಚು. ಸೂಜಿ ತೆಗೆದ ದೊಡ್ಡ ಸಿರಿಂಜು (ಎಲೆಗಳ ನಡುವಿನ ಬಟ್ಟಲಿನಲ್ಲಿ ನಿಂತ ನೀರು ಹೀರಿ ತೆಗೆಯಲು). ದಪ್ಪ ಕೈಗವಸು. ಬರೆಯಲು ಪೆನ್ಸಿಲ್ಲು, ಮಾರ್ಕರ್ ಬೇಡ.

ಮಾರ್ಕರ್ ಬೇಡ ಎನ್ನುವುದಕ್ಕೆ ಕಾರಣ ಇದೆ. ನನ್ನ ತಾರಸಿಯಲ್ಲಿ ಹದಿನಾಲ್ಕು ಕುಂಡಗಳ ಹೆಸರು ಒಂದೇ ಬೇಸಿಗೆಯಲ್ಲಿ ಅಳಿಸಿಹೋದವು. ಅದರಲ್ಲಿ ಐದಕ್ಕೆ ಇವತ್ತಿಗೂ ತಳಿಯ ಹೆಸರಿಲ್ಲ.

## ಹಂತ 1: ಇದು ಬ್ರೊಮೆಲಿಯಾಡ್ ಹೌದೋ ಅಲ್ಲವೋ

ಈ ಕುಟುಂಬದಲ್ಲಿ ಸುಮಾರು 80 ಕುಲಗಳು, 3,700ಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದೇ ಒಂದು ಬಿಟ್ಟು ಉಳಿದೆಲ್ಲವೂ ಅಮೆರಿಕ ಖಂಡಗಳ ಮೂಲದವು. ಆ ಒಂದು ಪಿಟ್ಕೇರ್ನಿಯಾ ಫೆಲಿಸಿಯಾನಾ, ಪಶ್ಚಿಮ ಆಫ್ರಿಕದ ಗಿನಿ ದೇಶದ ಬಂಡೆಗಳ ಮೇಲೆ ಬೆಳೆಯುತ್ತದೆ. ನಮ್ಮ ಕಾಡಿನಲ್ಲಿ ತಾನಾಗಿ ಹುಟ್ಟಿದ ಬ್ರೊಮೆಲಿಯಾಡ್ ಇಲ್ಲ. ಮಲೆನಾಡಿನಲ್ಲಿ ಮರದ ಮೇಲೆ ಕಾಣುವುದು ಸೀತಾಳೆಯಂಥ ಆರ್ಕಿಡ್, ಇಲ್ಲವೇ ಬುಟ್ಟಿಯ ಹಾಗೆ ಹರಡಿದ ಜರಿಗಿಡ. ಹಾಗಾಗಿ ಕಾಡಿನಲ್ಲಿ ತೆಗೆದ ಚಿತ್ರವಾದರೆ ಈ ಹಂತದಲ್ಲೇ ಹುಡುಕಾಟ ಮುಗಿಯುತ್ತದೆ.

ಕುಂಡದ ಗಿಡವಾದರೆ ಮೂರು ಪರೀಕ್ಷೆ ಮಾಡಿ.

ಒಂದು, ಎಲೆಯ ತಳಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಹೊಟ್ಟಿನ ಹಾಗೆ ಬಿಳಿ ಹುರುಪೆಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಹಲವು ಬ್ರೊಮೆಲಿಯಾಡ್‌ಗಳು ನೀರು ಹೀರುವುದು ಇವುಗಳಿಂದಲೇ. ಟಿಲ್ಯಾಂಡ್ಸಿಯಾ ಕುಲದ ಬೂದು ಬಣ್ಣದ ಗಿಡದ ಮೇಲೆ ಒಂದು ಹನಿ ನೀರು ಬಿಡಿ. ಹನಿ ಬಿದ್ದ ಜಾಗ ಮಾತ್ರ ಕಣ್ಣೆದುರೇ ಹಸಿರಾಗುತ್ತದೆ, ಸುತ್ತ ಬೂದಿಯೇ ಇರುತ್ತದೆ. ಹುರುಪೆ ಒದ್ದೆಯಾಗಿ ಕೆಳಗಿನ ಹಸಿರು ತೋರಿಸಿತು, ಅಷ್ಟೇ. ಒಣಗಿದ ಮೇಲೆ ಮತ್ತೆ ಬೂದಿ.

ಎರಡು, ಒಣಗುತ್ತಿರುವ ಒಂದು ಹಳೆ ಎಲೆಯನ್ನು ಮುರಿಯಿರಿ. ಲೋಳೆಸರದ ಹಾಗೆ ಗಟ್ಟಿ ಲೋಳೆ ಬಂದರೆ ಅದು ಬ್ರೊಮೆಲಿಯಾಡ್ ಅಲ್ಲ. ಕತ್ತಾಳೆ, ಲೋಳೆಸರ, ಕೇದಗೆ, ಡ್ರಸೀನಾ, ರಿಯೋ, ಇವು ಐದೂ ಸದಾ ಮೋಸ ಮಾಡುವ ಗಿಡಗಳು.

ಮೂರು, ಹೂವಿದ್ದರೆ ಎಸಳು ಎಣಿಸಿ. ಮೂರು ಎಸಳು, ಅವುಗಳ ಹೊರಗೆ ಮೂರು ಸೆಪಲ್ (ಮೊಗ್ಗನ್ನು ಮುಚ್ಚಿರುವ ಹೊರದಳ), ಎರಡೂ ನೋಡಲು ಬೇರೆ ಬೇರೆ. ಕತ್ತಾಳೆ, ಲೋಳೆಸರಗಳಲ್ಲಿ ಆರೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

ಸ್ಪ್ಯಾನಿಷ್ ಮಾಸ್ ಎಂದು ಮಾರುವ ಬೂದು ಗಡ್ಡದ ವಿಷಯದಲ್ಲಿ ಒಂದು ಮಾತು. ಅದು ಪಾಚಿ ಅಲ್ಲ, ಟಿಲ್ಯಾಂಡ್ಸಿಯಾ ಅಸ್ನಿಯಾಯ್ಡಿಸ್ ಎಂಬ ಹೂ ಬಿಡುವ ಗಿಡ. ಅಸ್ನಿಯಾ ಎನ್ನುವುದು ಮರದಿಂದ ಇಳಿಬೀಳುವ ಒಂದು ಕಲ್ಲುಹೂ. ಅದನ್ನು ಹೋಲುವುದರಿಂದ ಈ ಹೆಸರು. ಒಂದು ಎಳೆಯನ್ನು ನಿಧಾನವಾಗಿ ಎಳೆದು ನೋಡಿ. ಒಳಗಿನಿಂದ ರಬ್ಬರಿನ ಹಾಗೆ ಹಿಗ್ಗುವ ಬಿಳಿ ದಾರ ಬಂದರೆ ಅದು ಕಲ್ಲುಹೂ.

## ಹಂತ 2: ಎಲೆಯ ಅಂಚು

ಈ ಒಂದು ಹಂತ ಸರಿಯಾಗಿ ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಅಂಚಿನಲ್ಲಿ ಮುಳ್ಳು ಇದೆಯೇ ಇಲ್ಲವೇ?

ಕಣ್ಣನ್ನು ನಂಬಬೇಡಿ, ಬೆರಳನ್ನೂ ನಂಬಬೇಡಿ. ಹತ್ತಿಯ ಉಂಡೆಯನ್ನು ಎಲೆಯ ಅಂಚಿಗೆ ಹಗುರವಾಗಿ ಒತ್ತಿ ತುದಿಯಿಂದ ಬುಡದ ಕಡೆಗೆ ಎಳೆಯಿರಿ. ನಂತರ ಬುಡದಿಂದ ತುದಿಗೆ. ನಿಡುಲೇರಿಯಂ, ಕೆಲವು ನಿಯೊರೆಗೇಲಿಯಾಗಳ ಮುಳ್ಳು ಎಷ್ಟು ಸಣ್ಣದೆಂದರೆ ಬರಿಗಣ್ಣಿಗೆ ಅಂಚು ನುಣುಪಾಗಿ ಕಾಣುತ್ತದೆ. ಹತ್ತಿಗೆ ಮಾತ್ರ ಸಿಕ್ಕಿಬೀಳುತ್ತದೆ. ಎಳೆದ ದಾರಿಯುದ್ದಕ್ಕೂ ಬಿಳಿ ಎಳೆಗಳು ಸಾಲಾಗಿ ನಿಂತಿರುತ್ತವೆ.

ಇಡೀ ಎಲೆ ನೋಡಬೇಕು, ನಡುಭಾಗ ಮಾತ್ರ ನೋಡಿದರೆ ಸಾಲದು. ಇದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಅನಾನಸ್ ಕೂಡ ಬ್ರೊಮೆಲಿಯಾಡ್. ಬನವಾಸಿ, ಸೊರಬದ ಕಡೆ ಹೋದರೆ ತೋಟವನ್ನೇ ನೋಡಬಹುದು. ಕ್ವೀನ್ ತಳಿಯ ಎಲೆಗೆ ಅಂಚಿನುದ್ದಕ್ಕೂ ಮುಳ್ಳು. ಕ್ಯೂ ತಳಿಗೆ ಹೆಚ್ಚಾಗಿ ತುದಿಯ ಹತ್ತಿರ ಮಾತ್ರ ಕೆಲವು ಮುಳ್ಳು, ಉಳಿದದ್ದು ನುಣುಪು. ಕ್ಯೂ ಎಲೆಯ ನಡುಭಾಗ ಮುಟ್ಟಿ "ಮುಳ್ಳಿಲ್ಲ" ಎಂದು ಬರೆದುಕೊಂಡರೆ ಅನಾನಸನ್ನೇ ತಪ್ಪು ಉಪಕುಟುಂಬಕ್ಕೆ ಹಾಕಿದ ಹಾಗಾಯಿತು. ಆದ್ದರಿಂದ ಬುಡ, ನಡು, ತುದಿ, ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಪೂರ್ತಿ ನುಣುಪಾಗಿದ್ದರೆ ಟಿಲ್ಯಾಂಡ್ಸಿಯಾಯ್ಡೀ ಉಪಕುಟುಂಬದ ಕಡೆಗೆ. ಮುಳ್ಳಿದ್ದರೆ ಬ್ರೊಮೆಲಿಯಾಯ್ಡೀ ಅಥವಾ ಪಿಟ್ಕೇರ್ನಿಯಾಯ್ಡೀ ಕಡೆಗೆ. ಇನ್ನೂ ತೀರ್ಮಾನ ಬೇಡ. ಬ್ರೊಮೆಲಿಯಾಯ್ಡೀಯಲ್ಲೂ ಮುಳ್ಳಿಲ್ಲದ ಗಿಡಗಳಿವೆ.

ಎಚ್ಚರಿಕೆ: ಡಿಕಿಯಾ ಕುಲದ ಗಿಡಗಳ ಮುಳ್ಳು ಕೊಕ್ಕೆಯ ಹಾಗೆ ಬಾಗಿರುತ್ತದೆ. ಕೈ ಒಳಗೆ ಹೋಗುವಾಗ ಏನೂ ಆಗುವುದಿಲ್ಲ, ಹೊರಗೆ ತೆಗೆಯುವಾಗ ಸೀಳುತ್ತದೆ. ಕೈಗವಸು ಹಾಕಿಕೊಂಡೇ ಮುಟ್ಟಿ.

## ಹಂತ 3: ಬಟ್ಟಲು ಇದೆಯೇ, ಬೇರು ಏನು ಮಾಡುತ್ತಿದೆ

ಎಲೆಗಳ ಬುಡ ಒಂದಕ್ಕೊಂದು ಒತ್ತಿಕೊಂಡು ನಡುವೆ ನೀರು ನಿಲ್ಲುತ್ತದೆಯೇ ನೋಡಿ. ಗುಜ್ಮೇನಿಯಾ, ಏಕ್ಮಿಯಾ, ನಿಯೊರೆಗೇಲಿಯಾ, ಬಿಲ್ಬರ್ಜಿಯಾಗಳಲ್ಲಿ ನಿಲ್ಲುತ್ತದೆ. ಡಿಕಿಯಾ, ಕ್ರಿಪ್ಟ್ಯಾಂಥಸ್, ಬೂದು ಟಿಲ್ಯಾಂಡ್ಸಿಯಾಗಳಲ್ಲಿ ನಿಲ್ಲುವುದಿಲ್ಲ. ಬೂದು ಟಿಲ್ಯಾಂಡ್ಸಿಯಾದ ಬೇರು ಬರೀ ಹಿಡಿದುಕೊಳ್ಳಲು. ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ.

ಬಟ್ಟಲಿನ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ ತರುವ ಸೊಳ್ಳೆಗೂ ಇಂಥ ನಿಂತ ನೀರೇ ಸಾಕು. ವಾರಕ್ಕೊಮ್ಮೆಯಾದರೂ ಕುಂಡ ಬಗ್ಗಿಸಿ ನೀರು ಚೆಲ್ಲಿ ಹೊಸದು ತುಂಬಿ. ದೊಡ್ಡ ಕುಂಡವಾದರೆ ಸಿರಿಂಜು ಉಪಯೋಗಿಸಿ.

## ಹಂತ 4: ಹೂವಿಲ್ಲದಿದ್ದರೆ ಹೂ ಬರಿಸಿ

ಹೂ ಇಲ್ಲದೆ ಕುಲ ಹೇಳುವುದು ಊಹೆ ಮಾತ್ರ. ಬೆಳೆದ ಗಿಡವಾದರೆ ಮನೆಯಲ್ಲೇ ಹೂ ಬರಿಸಬಹುದು.

ಬಟ್ಟಲಿನ ನೀರು ಪೂರ್ತಿ ಚೆಲ್ಲಿ. ಇಡೀ ಗಿಡವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಪಕ್ಕದಲ್ಲಿ ಚೆನ್ನಾಗಿ ಹಣ್ಣಾದ ಸೇಬು ಇಟ್ಟು ಬಾಯಿ ಕಟ್ಟಿ. ಬಾಳೆಹಣ್ಣೂ ಆದೀತು. ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿ ವಾರದಿಂದ ಹತ್ತು ದಿನ ಬಿಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ಗಿಡಕ್ಕೆ ಹೂ ಬಿಡಲು ಸೂಚನೆ ಕೊಡುತ್ತದೆ. ಚೀಲ ತೆಗೆದ ಮೇಲೆ ಮತ್ತೆ ನೀರು ತುಂಬಿ. ಕುಲಕ್ಕೆ ತಕ್ಕಂತೆ ಆರರಿಂದ ಹದಿನಾಲ್ಕು ವಾರದಲ್ಲಿ ಹೂದಂಡು ಕಾಣುತ್ತದೆ. ಅನಾನಸ್ ಬೆಳೆಗಾರರು ಗಿಡಕ್ಕೆ 35–40 ಎಲೆ ಬಂದಾಗ ಸುಳಿಗೆ ಎಥ್ರೆಲ್ (ಎಥಿಲೀನ್ ಬಿಡುವ ರಾಸಾಯನಿಕ) ದ್ರಾವಣ ಹಾಕುವುದೂ ಇದೇ ಕಾರಣಕ್ಕೆ.

ಇಲ್ಲಿ ಜನ ಮಾಡುವ ತಪ್ಪು ಎಂದರೆ ಎಳೆ ಗಿಡಕ್ಕೆ ಇದನ್ನು ಮಾಡುವುದು. ಬಾಳೆಯ ಹಾಗೆ ಇಲ್ಲೂ ಹೆಚ್ಚಿನವುಗಳಲ್ಲಿ ಹೂ ಬಿಟ್ಟ ತಾಯಿಗಿಡ ನಿಧಾನವಾಗಿ ಸಾಯುತ್ತದೆ, ಬುಡದ ಕಂದುಗಳು (ಮರಿಗಿಡಗಳು) ಮುಂದುವರಿಯುತ್ತವೆ. ಎಳೆಯದಕ್ಕೆ ಬಲವಂತ ಮಾಡಿದರೆ ಸಣ್ಣ ಹೂ, ಬಡ ಕಂದು, ಆಮೇಲೆ ಗಿಡವೇ ಇಲ್ಲ. ಕಂದು ಹಾಕುವಷ್ಟು ಬಲ ಬಂದಿಲ್ಲ ಅನಿಸಿದರೆ ಒಂದು ವರ್ಷ ಕಾಯಿರಿ. ಹೆಸರಿಗೆ ಅವಸರ ಬೇಡ.

## ಹಂತ 5: ಹೂಗೊಂಚಲನ್ನು ಪಕ್ಕದಿಂದ ನೋಡಿ

ಕೆಂಪಾಗಿ ಕಾಣುವುದು ಹೂವಲ್ಲ. ಕಾಗದದ ಹೂವಿನಲ್ಲಿ ಬಣ್ಣದ್ದೆಲ್ಲ ಎಲೆ, ನಿಜವಾದ ಹೂ ಒಳಗಿನ ಸಣ್ಣ ಬಿಳಿ ಕೊಳವೆ, ಅಲ್ವಾ? ಇಲ್ಲೂ ಹಾಗೇ. ಬಣ್ಣದ ಆ ಎಲೆಗೆ ಬ್ರಾಕ್ಟ್ ಎನ್ನುತ್ತಾರೆ. ಅದು ತಿಂಗಳುಗಟ್ಟಲೆ ಇರುತ್ತದೆ. ಒಳಗಿನ ಒಂದೊಂದು ಹೂ ಸಾಮಾನ್ಯವಾಗಿ ಒಂದೇ ದಿನ. ಹಾಗಾಗಿ ಬೆಳಗ್ಗೆ ನೋಡಿ.

ಮೇಲಿನಿಂದ ಬೇಡ, ಕಣ್ಣಿನ ಮಟ್ಟಕ್ಕೆ ಇಟ್ಟು ಪಕ್ಕದಿಂದ ನೋಡಿ. ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಗೊಂಚಲು ಬಟ್ಟಲಿನೊಳಗೆ ಮುಳುಗಿದೆಯೋ, ಮೇಲೆ ಎದ್ದಿದೆಯೋ, ಬಾಗಿ ಇಳಿಬಿದ್ದಿದೆಯೋ? ಬ್ರಾಕ್ಟುಗಳು ಎರಡೇ ಸಾಲಿನಲ್ಲಿ ಜಡೆಯ ಹಾಗೆ ಚಪ್ಪಟೆಯಾಗಿವೆಯೋ, ಸುತ್ತಲೂ ಸುರುಳಿಯಾಗಿ ಇವೆಯೋ? ದಂಡು ಸುಳಿಯಿಂದಲೇ ಬಂದಿದೆಯೋ, ಎಲೆಯ ಕಂಕುಳಿನಿಂದ ಬಂದಿದೆಯೋ?

## ಹಂತ 6: ಒಂದು ಹೂವನ್ನು ಸೀಳಿ

ಇದನ್ನು ತಪ್ಪಿಸಿಕೊಳ್ಳುವವರೇ ಜಾಸ್ತಿ. ಹೂ ಹಾಳಾಗುತ್ತದೆ ಎಂಬ ಸಂಕಟ. ಬಾಡಿದ ಹೂವೇ ಸಾಕು, ಚಿಮಟದಿಂದ ಎತ್ತಿ ಬಿಳಿ ಹಾಳೆಯ ಮೇಲಿಡಿ.

ತಿಳಿಯಬೇಕಾದ್ದು ಇಷ್ಟೇ: ಮುಂದೆ ಕಾಯಾಗುವ ಉಬ್ಬು ಸೆಪಲ್‌ಗಳ ಮೇಲಿದೆಯೋ ಕೆಳಗಿದೆಯೋ? ಅಡುಗೆಮನೆಯ ಎರಡು ವಸ್ತು ನೆನಪಿಡಿ. ಬದನೆಕಾಯಿಯ ಟೋಪಿ ತೊಟ್ಟಿನ ಹತ್ತಿರ ಇರುತ್ತದೆ, ಕಾಯಿ ಅದರ ಆಚೆ. ದಾಳಿಂಬೆಯ ಕಿರೀಟ ತೊಟ್ಟಿನಿಂದ ದೂರದ ತುದಿಯಲ್ಲಿ, ಕಾಯಿ ಅದರ ಈಚೆ. ಟೋಪಿಯೂ ಕಿರೀಟವೂ ಸೆಪಲ್‌ಗಳೇ. ಟಿಲ್ಯಾಂಡ್ಸಿಯಾಯ್ಡೀ ಬದನೆಯ ಥರ. ಬ್ರೊಮೆಲಿಯಾಯ್ಡೀ ದಾಳಿಂಬೆಯ ಥರ. ಪಿಟ್ಕೇರ್ನಿಯಾಯ್ಡೀಯಲ್ಲಿ ಹೆಚ್ಚಾಗಿ ಬದನೆಯ ಥರ, ಕೆಲವು ನಡುವಿನವು.

ಹೂವೇ ಇಲ್ಲದಿದ್ದರೆ ಅನಾನಸ್ ಹಣ್ಣಿನ ಮೇಲೆ ಅಭ್ಯಾಸ ಮಾಡಿ. ಹಣ್ಣಿನ ಒಂದೊಂದು ಕಣ್ಣೂ ಒಂದೊಂದು ಹೂ. ನೂರಕ್ಕೂ ಹೆಚ್ಚು ಹೂಗಳು ದಂಡಿನ ಜೊತೆ ಸೇರಿ ಒಂದೇ ಹಣ್ಣಾಗಿವೆ. ಕಣ್ಣಿನ ಮೇಲೆ ಒಣಗಿ ಮಡಚಿದ ಚೂಪು ತುದಿಯ ಬ್ರಾಕ್ಟ್ ಇರುತ್ತದೆ. ಬ್ಲೇಡಿನ ತುದಿಯಿಂದ ಅದನ್ನು ಎತ್ತಿ. ಅಡಿಯಲ್ಲಿ ಮೂರು ಸೆಪಲ್‌ಗಳು ಬಾಗಿಲಿನ ಹಾಗೆ ಒಳಕ್ಕೆ ಮುಚ್ಚಿಕೊಂಡಿವೆ. ಅವನ್ನು ಬಿಡಿಸಿದರೆ ಸಣ್ಣ ಗುಳಿ, ಗುಳಿಯೊಳಗೆ ಒಣಗಿದ ಹೂವಿನ ಕಂದು ಎಳೆಗಳು. ತಿನ್ನುವ ತಿರುಳು ಇದೆಲ್ಲದರ ಕೆಳಗೆ. ಸೆಪಲ್ ಮೇಲೆ, ಕಾಯಿ ಕೆಳಗೆ. ದಾಳಿಂಬೆಯ ಥರ. ಒಮ್ಮೆ ಇದನ್ನು ಕೈಯಾರೆ ಬಿಡಿಸಿದವರು ಮತ್ತೆ ಯಾವ ಹೂವಿನಲ್ಲೂ ಗೊಂದಲಪಡುವುದಿಲ್ಲ.

ಇದೇ ಹೊತ್ತಿನಲ್ಲಿ ಎಸಳಿನ ಒಳಬುಡವನ್ನೂ ಭೂತಗನ್ನಡಿಯಲ್ಲಿ ನೋಡಿ. ಎರಡು ಪುಟ್ಟ ನಾಲಿಗೆಯಂಥ ಚೂರುಗಳು ಇವೆಯೇ? ಎಸಳುಗಳು ಬಿಡಿಬಿಡಿಯೋ, ಕೊಳವೆಯಾಗಿ ಅಂಟಿವೆಯೋ? ಮುಂದೆ ಬೇಕಾಗುತ್ತದೆ.

## ಹಂತ 7: ಕಾಯಿ, ಬೀಜ

ಹೂವಿನಲ್ಲಿ ಅನುಮಾನ ಉಳಿದರೆ ಬೀಜ ತೀರ್ಪು ಕೊಡುತ್ತದೆ.

ಒಣಗಿ ಸಿಡಿಯುವ ಕಾಯಿ, ಒಳಗೆ ಎಕ್ಕದ ಬೀಜದ ಹಾಗೆ ರೇಷ್ಮೆ ಕೂದಲು: ಟಿಲ್ಯಾಂಡ್ಸಿಯಾಯ್ಡೀ. ಸಿಡಿಯುವ ಕಾಯಿಯೇ, ಆದರೆ ಬೀಜಕ್ಕೆ ನುಗ್ಗೆ ಬೀಜದಂತೆ ತೆಳು ರೆಕ್ಕೆ ಅಥವಾ ಬಾಲ: ಪಿಟ್ಕೇರ್ನಿಯಾಯ್ಡೀ ಮತ್ತು ಅದರ ಹತ್ತಿರದವು. ಬಸಳೆ ಹಣ್ಣಿನ ಹಾಗೆ ರಸಭರಿತ, ಬೀಜಕ್ಕೆ ಕೂದಲೂ ಇಲ್ಲ ರೆಕ್ಕೆಯೂ ಇಲ್ಲ: ಬ್ರೊಮೆಲಿಯಾಯ್ಡೀ.

ಒಂಟಿ ಗಿಡದಲ್ಲಿ ಬೀಜ ಕಟ್ಟದಿರಬಹುದು. ಅನಾನಸ್ ತನ್ನದೇ ತಳಿಯ ಪರಾಗದಿಂದ ಬೀಜ ಕಟ್ಟುವುದಿಲ್ಲ. ನಾವು ತಿನ್ನುವ ಹಣ್ಣಿನಲ್ಲಿ ಬೀಜ ಸಿಗದಿರುವುದು ಅದಕ್ಕೇ.

## ಹಂತ 8: ಉಪಕುಟುಂಬ ನಿರ್ಧರಿಸಿ

ಹಳೆಯ ಪುಸ್ತಕಗಳಲ್ಲಿ ಮೇಲೆ ಹೇಳಿದ ಮೂರೇ ಉಪಕುಟುಂಬಗಳು ಕಾಣುತ್ತವೆ. 2007ರಿಂದ ಡಿಎನ್ಎ ಆಧಾರದ ಮೇಲೆ ಎಂಟು ಎಂದು ವಿಂಗಡಿಸುತ್ತಾರೆ. ಟಿಲ್ಯಾಂಡ್ಸಿಯಾಯ್ಡೀ, ಬ್ರೊಮೆಲಿಯಾಯ್ಡೀ ಹಾಗೇ ಉಳಿದವು. ಹಳೆಯ ಪಿಟ್ಕೇರ್ನಿಯಾಯ್ಡೀ ಒಡೆದು ಆರಾಯಿತು: ಪಿಟ್ಕೇರ್ನಿಯಾಯ್ಡೀ, ಪೂಯಾಯ್ಡೀ, ಹೆಕ್ಟಿಯಾಯ್ಡೀ, ನೇವಿಯಾಯ್ಡೀ, ಲಿಂಡ್ಮೇನಿಯಾಯ್ಡೀ, ಬ್ರೊಕ್ಕಿನಿಯಾಯ್ಡೀ.

ಮನೆಯ ಕುಂಡದ ಮಟ್ಟಿಗೆ ಕೊನೆಯ ಮೂರನ್ನು ಬಿಡಬಹುದು. ಅವು ಮುಖ್ಯವಾಗಿ ದಕ್ಷಿಣ ಅಮೆರಿಕದ ಗಯಾನಾ ಎತ್ತರ ಪ್ರದೇಶದವು, ಅಂಗಡಿಗೆ ಬರುವುದು ಬಹಳ ಅಪರೂಪ. ಆದರೂ ಬ್ರೊಕ್ಕಿನಿಯಾ ರಿಡಕ್ಟಾ ಬಗ್ಗೆ ಹೇಳದೆ ಇರಲಾರೆ. ಅದರ ಬಟ್ಟಲು ಕೀಟಗಳನ್ನು ಬೀಳಿಸಿ ಅರಗಿಸಿಕೊಳ್ಳುತ್ತದೆ. ಎಲೆಯ ಅಂಚು ನುಣುಪು, ಹಾಗಾಗಿ ಹಂತ 2 ಒಂದನ್ನೇ ನಂಬಿದವರು ಅದನ್ನು ಟಿಲ್ಯಾಂಡ್ಸಿಯಾ ಬಳಗಕ್ಕೆ ಸೇರಿಸಿಬಿಡುತ್ತಾರೆ. ಪೂಯಾ ಆಂಡೀಸ್ ಬೆಟ್ಟಗಳದ್ದು. ಪೆರು, ಬೊಲಿವಿಯಾದ ಪೂಯಾ ರೈಮಾಂಡಿಯ ಹೂದಂಡು ಹತ್ತು ಮೀಟರ್ ಹತ್ತಿರ ಹೋಗುತ್ತದೆ.

ಅಂಚು, ಕಾಯಿಯ ಜಾಗ, ಬೀಜ, ಈ ಮೂರರಲ್ಲಿ ಎರಡಾದರೂ ಒಂದೇ ಕಡೆ ಬೆರಳು ತೋರಿಸಬೇಕು. ಅಂಚೊಂದೇ ಹೇಳಿದರೆ ಪೆನ್ಸಿಲಿನಲ್ಲಿ ಪ್ರಶ್ನೆ ಗುರುತು ಹಾಕಿ.

## ಹಂತ 9: ಕುಲ, ಅದರಲ್ಲೂ ಗೊಂದಲದ ಜೋಡಿಗಳು

ಗುಜ್ಮೇನಿಯಾ, ವ್ರೀಸಿಯಾ. ಎರಡಕ್ಕೂ ನುಣುಪು ಅಂಚು. ಗುಜ್ಮೇನಿಯಾದ ಬ್ರಾಕ್ಟುಗಳು ದಂಡಿನ ಸುತ್ತ ನಕ್ಷತ್ರದಂತೆ ಸುತ್ತಿಕೊಂಡಿರುತ್ತವೆ, ಎಸಳುಗಳು ಕೊಳವೆಯಾಗಿ ಅಂಟಿರುತ್ತವೆ. ವ್ರೀಸಿಯಾದ್ದು ಹೆಚ್ಚಾಗಿ ಎರಡು ಸಾಲಿನ ಚಪ್ಪಟೆ ಕತ್ತಿ, ಎಸಳಿನ ಒಳಬುಡದಲ್ಲಿ ಆ ಎರಡು ಪುಟ್ಟ ನಾಲಿಗೆಗಳು ಇರುತ್ತವೆ.

ನಿಯೊರೆಗೇಲಿಯಾ, ನಿಡುಲೇರಿಯಂ. ಅತಿ ಹೆಚ್ಚು ತಪ್ಪಾಗುವ ಜೋಡಿ ಇದು. ಎರಡರಲ್ಲೂ ನಡುಭಾಗ ಕೆಂಪಾಗುತ್ತದೆ. ನಿಯೊರೆಗೇಲಿಯಾದಲ್ಲಿ ಕೆಂಪಾಗುವುದು ಮಾಮೂಲಿ ಎಲೆಗಳೇ. ಗೊಂಚಲು ಬಟ್ಟಲಿನ ನೀರಿನ ಮಟ್ಟದಲ್ಲಿ ಮುಳುಗಿ ಕೂತಿರುತ್ತದೆ. ಬೆಳಗ್ಗೆ ಚೂಪು ಎಸಳುಗಳು ಅರಳಿ ನಕ್ಷತ್ರವಾಗುತ್ತವೆ. ನಿಡುಲೇರಿಯಂನಲ್ಲಿ ಬೇರೆಯದೇ ಬ್ರಾಕ್ಟುಗಳ ಗೂಡು ನೀರಿನಿಂದ ಸ್ವಲ್ಪ ಮೇಲೆ ಎದ್ದಿರುತ್ತದೆ, ಹೂಗಳು ಆ ಬ್ರಾಕ್ಟುಗಳ ಕಂಕುಳಲ್ಲಿ ಗುಂಪಾಗಿರುತ್ತವೆ. ಎಸಳ ತುದಿ ಮೊಂಡಾಗಿ ಒಳಬಾಗಿರುತ್ತದೆ, ಹೂ ಪೂರ್ತಿ ತೆರೆಯುವುದೇ ಇಲ್ಲ. ಟಾರ್ಚು ಹಿಡಿದು ಓರೆಯಾಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಏಕ್ಮಿಯಾ, ಬಿಲ್ಬರ್ಜಿಯಾ. ಬಿಲ್ಬರ್ಜಿಯಾಗೆ ಎಲೆ ಕಡಿಮೆ, ಗಿಡವೇ ಕೊಳವೆಯ ಆಕಾರ. ಹೂಗೊಂಚಲು ಹಲವು ಪ್ರಭೇದಗಳಲ್ಲಿ ಬಾಗಿ ಇಳಿಬೀಳುತ್ತದೆ, ಒಂದೆರಡು ವಾರದಲ್ಲಿ ಮುಗಿದೇಹೋಗುತ್ತದೆ. ಏಕ್ಮಿಯಾದ್ದು ಗಡುಸು, ತಿಂಗಳುಗಟ್ಟಲೆ ನಿಲ್ಲುತ್ತದೆ. ಸೆಪಲ್ ತುದಿಯಲ್ಲಿ ಚುಚ್ಚುವ ಮೊನೆ ಇರುವುದು ಸಾಮಾನ್ಯ. ಬೂದು ಪಟ್ಟೆಯ ಎಲೆ, ಗುಲಾಬಿ ಬ್ರಾಕ್ಟ್, ನೀಲಿ ಹೂ ಇದ್ದರೆ ಅದು ಏಕ್ಮಿಯಾ ಫ್ಯಾಸಿಯಾಟಾ.

ಡಿಕಿಯಾ, ಹೆಕ್ಟಿಯಾ. ಎರಡೂ ಮುಳ್ಳಿನ ಒಣನಾಡ ಗಿಡಗಳು. ಡಿಕಿಯಾ ದಕ್ಷಿಣ ಅಮೆರಿಕದ್ದು, ದಂಡು ಪಕ್ಕದಿಂದ ಬರುತ್ತದೆ, ಹೂ ಹಳದಿ, ಕಿತ್ತಳೆ. ಹೂ ಬಿಟ್ಟ ಮೇಲೂ ಗಿಡ ಸಾಯುವುದಿಲ್ಲ. ಹೆಕ್ಟಿಯಾ ಮುಖ್ಯವಾಗಿ ಮೆಕ್ಸಿಕೋದ್ದು, ಹೂ ಸಣ್ಣದು, ಹೆಚ್ಚಾಗಿ ಬಿಳಿ, ಗಂಡು ಹೆಣ್ಣು ಬೇರೆ ಬೇರೆ ಗಿಡ.

ಕ್ರಿಪ್ಟ್ಯಾಂಥಸ್ ಸುಲಭ: ಮಣ್ಣಿಗೆ ಒತ್ತಿಕೊಂಡ ನಕ್ಷತ್ರ, ಅಲೆ ಅಲೆ ಅಂಚು, ಬಟ್ಟಲಿಲ್ಲ, ಬಿಳಿ ಹೂ.

## ಹಂತ 10: ಹೆಸರು ಬರೆಯುವುದು

ಹಳೆ ಹೆಸರು, ಹೊಸ ಹೆಸರು ಎರಡನ್ನೂ ಬರೆಯಿರಿ. 2016ರಲ್ಲಿ ಟಿಲ್ಯಾಂಡ್ಸಿಯಾ ಬಳಗವನ್ನು ಮರುವಿಂಗಡಣೆ ಮಾಡಿದಾಗ ಗುಲಾಬಿ ಬೀಸಣಿಗೆಯಂಥ ಗೊಂಚಲಿನ ಟಿಲ್ಯಾಂಡ್ಸಿಯಾ ಸಯಾನಿಯಾ, ವಾಲಿಸಿಯಾ ಸಯಾನಿಯಾ ಆಯಿತು. ಪಟ್ಟೆ ಎಲೆಯ ವ್ರೀಸಿಯಾ ಸ್ಪ್ಲೆಂಡೆನ್ಸ್, ಲುಥೇರಿಯಾ ಸ್ಪ್ಲೆಂಡೆನ್ಸ್ ಆಯಿತು. ನರ್ಸರಿಗಳಲ್ಲಿ ಹಳೆಯದೇ ಓಡಾಡುತ್ತದೆ. ಇವು ಎರಡು ಗಿಡ ಎಂದುಕೊಂಡು ದುಡ್ಡು ಕೊಟ್ಟು ಮತ್ತೊಮ್ಮೆ ಕೊಳ್ಳಬೇಡಿ.

ಮಿಶ್ರತಳಿಯ ಹೆಸರನ್ನು ಚೀಟಿ ಇಲ್ಲದೆ ಊಹಿಸಬಾರದು. ನಿಯೊರೆಗೇಲಿಯಾದಲ್ಲಿ ಸಾವಿರಾರು ಮಿಶ್ರತಳಿಗಳಿವೆ, ಒಂದನ್ನೊಂದು ಹೋಲುತ್ತವೆ. ಚಿತ್ರ ಹೋಲಿಸಿ ಹೆಸರಿಟ್ಟು ಕಂದು ಹಂಚಿದರೆ ಆ ತಪ್ಪು ಹತ್ತು ಮನೆಗೆ ಹೋಗುತ್ತದೆ. "ನಿಯೊರೆಗೇಲಿಯಾ, ತಳಿ ತಿಳಿಯದು" ಎಂದು ಬರೆಯುವುದೇ ಸರಿಯಾದ ಉತ್ತರ.

ಚೀಟಿಗೆ ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಪಟ್ಟಿ ಕತ್ತರಿಸಿ. ಅಂಚು ಹರಿತ, ಜೋಪಾನ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರ ತಗ್ಗಾಗಿ ಮೂಡುತ್ತದೆ, ಮಳೆ ಬಿಸಿಲಿಗೆ ಅಳಿಯುವುದಿಲ್ಲ. ಕಂದು ಬೇರ್ಪಡಿಸುವ ಮೊದಲೇ ಅದರ ಚೀಟಿ ಬರೆದಿಡಿ. ತಾಯಿಯ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಬೆಳೆದ ಮೇಲೆ ಕತ್ತರಿಸಿ.

## ದಾರಿ ತಪ್ಪಿದ್ದೀರಿ ಎನ್ನುವ ಸೂಚನೆಗಳು

- ಅಂಚು ನುಣುಪು, ಆದರೆ ಹಣ್ಣು ರಸಭರಿತ: ಹಂತ 2ಕ್ಕೆ ಹೋಗಿ ಹತ್ತಿ ಪರೀಕ್ಷೆ ಮತ್ತೆ ಮಾಡಿ. ಆಗಲೂ ನುಣುಪೇ ಆದರೆ ಹಣ್ಣನ್ನು ನಂಬಿ, ಅಂಚನ್ನಲ್ಲ.
- ಹೊಸ ಎಲೆಗಳೆಲ್ಲ ಹಸಿರು, ಚಿತ್ರದಲ್ಲಿ ಕೆಂಪು: ಗಿಡ ಬೇರೆ ಅಲ್ಲ, ಬೆಳಕು ಸಾಲದು.
- ಗುಜ್ಮೇನಿಯಾ ಅಂದುಕೊಂಡ ಗಿಡ ಕೈ ಗೀರಿತು: ಅದು ಗುಜ್ಮೇನಿಯಾ ಅಲ್ಲವೇ ಅಲ್ಲ.
- ನಡುವಿನ ಎಲೆ ಎಳೆದರೆ ಕೈಗೇ ಬಂತು, ಬುಡದಲ್ಲಿ ಕೆಟ್ಟ ವಾಸನೆ: ಸುಳಿ ಕೊಳೆತಿದೆ. ಹೆಸರು ಹುಡುಕುವುದನ್ನು ನಿಲ್ಲಿಸಿ ನೀರು ಚೆಲ್ಲಿ, ಒಣಗಲು ಬಿಡಿ. ಬುಡದಲ್ಲಿ ಕಂದು ಇದ್ದರೆ ಅದನ್ನು ಉಳಿಸಿಕೊಳ್ಳಿ.